ಅಕ್ಷರಕ್ಕ ಎರಡ ರೂಪಾಯಿ

ನನಗ ಬರೂ ಇಂಗ್ಲಿಷ್ ಅಷ್ಟೂ ಹೊಗಳಿಕಿನ.
ಬೈಯಾಕ ಒಂದ ಶಬ್ದ ಬರೂದಿಲ್ಲ,
ಹಾದಿ ಕೇಳಾಕ ಬರೂದಿಲ್ಲ, ಉಪ್ಪ ಬೇಡಾಕ ಬರೂದಿಲ್ಲ.
ಬೆಸ್ಟ್, ಗ್ರೇಟ್, ಎಕ್ಸಲೆಂಟ್,
ವಿತ್ ರಿಗಾರ್ಡ್ಸ್, ಇನ್ ಆನರ್ ಆಫ್:
ಇವನ್ನ ಕಣ್ಣ ಮುಚ್ಚಿ ಕೊರೀತೀನಿ.

ಜಮಖಂಡಿ ಬಸ್‌ಸ್ಟ್ಯಾಂಡಿನ ಹಿಂದ, ಚಾದಂಗಡಿ ಮಗ್ಗಲಕ
ಆರ ಫೂಟಿನ ಅಂಗಡಿ.
ಮೊದಲ ನಮ್ಮ ಮಾವ ಇಲ್ಲೇ ಕುಂತು
ಮದಿವಿ ಕೊಡಕ್ಕ, ತಾಟಿಗೆ, ತಂಬಿಗಿಗೆ
ಚುಕ್ಕಿ ಚುಕ್ಕಿ ಕುಟ್ಟಿ ಹೆಸರ ಹಾಕತಿದ್ದ.
ಅವಾಗ ಹೊಗಳಿಕಿ ಅಂದರ 'ಪ್ರೀತಿಯ ಕಾಣಿಕೆ',
ಕೆಳಗ ಸೋದರಮಾವನ ಹೆಸರು, ಮುಗೀತು.
ಈಗ ಮಷೀನು. ಗುಂಯ್ ಅಂತೈತಿ.
ಪಿತ್ತಾಳಿ ತಗಡು, ಕಟಗಿ ಢಾಲು, ಗಾಜಿನಂಥಾ ಪ್ಲಾಸ್ಟಿಕ್;
ಅಕ್ಷರಕ್ಕ ಎರಡ ರೂಪಾಯಿ.

ಆನರೇಬಲ್ ಅನ್ನೂದರಾಗ ಮೊದಲಿನ ಅಕ್ಷರ
ಬಾಯಿ ಬಿಡೂದಿಲ್ಲ, ಸುಮ್ಮ ನಿಂತಿರತೈತಿ,
ಸಭಾದಾಗ ಹಾರದ ತಾಟ ಹಿಡಕೊಂಡ ಜವಾನನ ಗತೆ.
ಅದಕ್ಕೂ ಎರಡ ರೂಪಾಯಿ ಹಿಡೀತೀನಿ.

ಔಟ್‌ಸ್ಟ್ಯಾಂಡಿಂಗ್ ಅಂದರ ಹನ್ನೊಂದ ಅಕ್ಷರ.
ದೊಡ್ಡ ಗಿರಾಕಿಗಳ ಶಬ್ದ ಅದು.
ಹೋದ ವರ್ಷ ಮಷೀನಿನ ಸಾಲಕ್ಕ ಬ್ಯಾಂಕಿನಿಂದ ಕಾಗದ ಬಂತು,
ನಡುವ ದಪ್ಪಗ ಅದ ಶಬ್ದ.
ಚಾದ ಸಂಗನಬಸುನ್ನ ಕರದ ತೋರಿಸಿದೆ:
ನೋಡೋ, ಬ್ಯಾಂಕಿನವರು ಸೈತ ನನ್ನ ಹೊಗಳ್ಯಾರ!
ಮ್ಯಾನೇಜರ ಬಿಡಿಸಿ ಹೇಳಿದ ಮ್ಯಾಲ
ಕೌಂಟರಿನ ಮುಂದ ನಿಂತ ನಕ್ಕನೆವ್ವಾ.
ಎಷ್ಟ ಮಂದಿ ಶಾಲಿನ ಮ್ಯಾಲ ಢಾಲಿಟ್ಟು
'ಬಾಕಿ' ಅಂತ ಬರದ ಕೊಟ್ಟೀನೋ ಏನೋ.
ಕೆಲವರಿಗೆ ಅದ ಖರೇನೂ ಇತ್ತು, ಬಿಡ್ರಿ.

ಮೊನ್ನಿ ಶುಕ್ರವಾರ ಐದ ಮಂದಿ ಹೆಂಗಸರ ಬಂದರು,
ಕರ್ಚೀಪಿನ ಗಂಟಿನಾಗ ಚಿಲ್ಲರಿ.
ನಮ್ಮ ಗಲ್ಲಿಗೆ ನೀರ ಬಿಡೂ ದಸ್ತಗೀರಸಾಬ ನದಾಫ
ಈ ತಿಂಗಳ ರಿಟೈರ ಆಗತಾನ,
ಒಂದ ಢಾಲ ಮಾಡಿ ಕೊಡ, ಇಂಗ್ಲಿಷಿನ್ಯಾಗ.

ಗ್ವಾಡಿಗೆ ತೂಗಹಾಕಿದ ನಮೂನಿ ತೋರಿಸಿದೆ.
ಬೆಸ್ಟ್? ಅದು ಹಲ್ಲಿನ ಡಾಕ್ಟರನ ಬೋರ್ಡಿನ್ಯಾಗೂ ಐತಿ.
ಗ್ರೇಟ್? ಅದು ಇಲೆಕ್ಷನ್ನದು.
ಲೆಜೆಂಡ್ ಅಂದೆ.
ಬಾಳಿಂದ್ರವ್ವ ಎದಿ ಮ್ಯಾಲ ಕೈ ಇಟ್ಟಗೊಂಡಳು:
ಅದು ಸತ್ತವರ ಫೋಟೋದ ಕೆಳಗ ಹಾಕೂದಲ್ಲನ?

ಮುಮತಾಜ ಅಂದಳು:
ಮುಂಜಾನೆ ಮೂರಕ್ಕ ವಾಲ್ ತಿರುವಾಕ ಬರತಿದ್ದ.
ನೀರ ಸಣ್ಣಗಾತು ಅಂದರ
ಅವನ ಹೆತ್ತವರ ತನಕಾ ಹೋಗಿ ಬೈತಿದ್ದಿವಿ ನಾವು.
ಟವೆಲ್ಲಿಲೆ ಮಾರಿ ಒರಸಿಕೊಂಡು
'ಕೊಡ ಇಡವ್ವಾ' ಅಂತಿದ್ದ, ಅಷ್ಟ.
ಮೂವತ್ತ ವರ್ಷ ತಿರುಗಿ ಬೈಯಲಾರದಾವಗ
ಇಂಗ್ಲಿಷಿನ್ಯಾಗ ಏನಂತಾರ?

ನನ್ನ ಕಂಪಾಸಿನ ಡಬ್ಬಿ ತಗದೆ, ಚೀಟಿ ತಗದೆ,
ಮಾವನ ಕಾಲದ ವಹಿ ಸೈತ ತಗದೆ.
ಎತ್ತರದಾಗ ನಿಂತವರಿಗೆ ಬೇಕಾದಷ್ಟ ಶಬ್ದ ಇದ್ದವು.
ರಸ್ತೇದ ತಗ್ಗಿನ್ಯಾಗ ಬಗ್ಗಿ
ಕಬ್ಬಿಣದ ಚಕ್ರ ತಿರುವಾವಗ ಒಂದೂ ಇರಲಿಲ್ಲ.

ಸಣ್ಣಾಕಿ ಒಬ್ಬಾಕಿ, ಇಷ್ಟೊತ್ತನಕ ಮೊಬೈಲ ನೋಡಾಕಿ,
ತಲಿ ಎತ್ತಲಾರದ ಅಂದಳು:
ದಿನಾ ಒದರತೇವಲ್ಲ, ಅದನ್ನ ಹಾಕ್ರಿ.

ನೀರ ಬಂತು!

ಕನ್ನಡದಾಗ, ನಾಕ ಅಕ್ಷರ. ಎಂಟ ರೂಪಾಯಿ.
ಒದರೂ ಗೀಟಿಗೆ ರೊಕ್ಕ ಹಿಡೀಲಿಲ್ಲ.

ಸೋಮವಾರ ಅವನ ಬಂದ, ಢಾಲು ಕ್ಯಾರಿಬ್ಯಾಗಿನ್ಯಾಗ.
ಹೆಸರ ತಪ್ಪೇತೇನೋ ಅಂತ ನನ್ನ ಜೀವ ಝಲ್ ಅಂತು.
ಹೆಬ್ಬೆಟ್ಟಿಲೆ ಅಕ್ಷರ ಸವರಿದ.
'ಅಡ್ಡಿಯಿಲ್ಲ' ಅಂದ.
ನಮ್ಮ ಕಡೆ ಇದಕ್ಕಿಂತ ಮ್ಯಾಲಿನ ಶಬ್ದ ನಾ ಕೇಳಿಲ್ಲ.

ಆಮ್ಯಾಲ, ಹಿಂದಿನ ಸ್ಕ್ರೂ ಸಡಿಲ ಐತಿ, ಪಾನಾ ಕೊಡ ಅಂದ.
ಡ್ರೈವರ ಕೊಟ್ಟೆ.
ಕುರ್ಚಿ ಮ್ಯಾಲ ಕೂಡಲಿಲ್ಲ, ಕುಕ್ಕರಗಾಲಿಲೆ ಕುಂತು
ಸಾವಕಾಶ ತಿರುವಿದ, ಕಿವಿ ಅದರ ಸಮೀಪ ಒಯ್ದು,
ಎಲ್ಲೋ ಪೈಪಿನ್ಯಾಗ ನೀರ ಹೊಂಟದ್ದ ಕೇಳಿದಂಗ.